ಕಡಗಂಚಿಯ ಕ್ಯಾಂಪಸ್ಸಿನಲ್ಲಿ: ಮೇಷ್ಟ್ರು ಸಂಶೋಧಕರಾಗುವ ಬಗೆ

ಆಳಂದ ತಾಲೂಕಿನ ಜಿಡಗಾ ಎಂದರೆ ಈ ಕಡೆಯ ಜನಕ್ಕೆ ಮೊದಲು ನೆನಪಾಗುವುದು ಮಠ. ಮುಗಳಖೋಡ–ಜಿಡಗಾ ಮಠದ ಭಕ್ತರು ಬೆಳಗಾವಿ ಜಿಲ್ಲೆಯಲ್ಲೂ ಇದ್ದಾರೆ, ಮಹಾರಾಷ್ಟ್ರದ ಗಡಿಯಾಚೆಗೂ ಇದ್ದಾರೆ. ಅದೇ ತಾಲೂಕಿನ ಕಡಗಂಚಿಗೆ ಈಗ ಇನ್ನೊಂದು ಬಗೆಯ ಜನ ಬರುತ್ತಾರೆ. ಕೇರಳ, ಬಿಹಾರ, ಒಡಿಶಾ, ತೆಲಂಗಾಣದ ಹುಡುಗ ಹುಡುಗಿಯರು ಕಲಬುರಗಿ ಸ್ಟೇಷನ್ನಿನಲ್ಲಿ ಇಳಿದು, ಬ್ಯಾಗು ಹೊತ್ತು ಆಳಂದದ ಬಸ್ಸು ಹಿಡಿಯುತ್ತಾರೆ. ವಾಗ್ದರಿ–ರಿಬ್ಬನಪಲ್ಲಿ ರಸ್ತೆಯ ಎರಡೂ ಕಡೆ ತೊಗರಿ ಹೊಲ. ಊರು ಮುಗಿಯಿತು ಅನ್ನುವಷ್ಟರಲ್ಲಿ ಕಂಡಕ್ಟರ್ ಕೂಗುತ್ತಾನೆ: "ಸೆಂಟ್ರಲ್ ಯುನಿವರ್ಸಿಟಿ ಇಳಿಯೋರು ಮುಂದ ಬರ್ರಿ." ಇಳಿದರೆ ಎದುರಿಗೆ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯದ ಕಮಾನು, ಅದರ ಹಿಂದೆ ಕಣ್ಣು ಹಾಯುವವರೆಗೂ ಬಯಲು.

ಸುಮಾರು 650 ಎಕರೆಯ ಈ ಕ್ಯಾಂಪಸ್ಸಿನಲ್ಲಿ ಒಂದು ಕಟ್ಟಡದಿಂದ ಇನ್ನೊಂದಕ್ಕೆ ನಡೆಯುವುದೇ ಒಂದು ಕೆಲಸ. ನೆಲ ಅಪ್ಪಟ ಎರೆಭೂಮಿ, ಮಳೆ ಬಂದರೆ ಚಪ್ಪಲಿಗೆ ಅಂಟಿ ಬಿಡದು, ಬೇಸಿಗೆಯಲ್ಲಿ ಅಂಗೈ ಹೋಗುವಷ್ಟು ಬಿರುಕು. ನಾನು ಹೋದಾಗ ತೊಗರಿ ಹೂ ಬಿಟ್ಟಿತ್ತು. ಕಾಂಪೌಂಡಿನ ಆಚೆ ಹಳದಿ, ಈಚೆ ಗುಲಾಬಿ ಬಣ್ಣದ ಕಟ್ಟಡಗಳ ಸಾಲು. ಭಾಷೆ, ಸಮಾಜ ವಿಜ್ಞಾನ, ವಾಣಿಜ್ಯ, ಭೂವಿಜ್ಞಾನ, ಜೀವವಿಜ್ಞಾನ, ಎಂಜಿನಿಯರಿಂಗ್, ಕಾನೂನು ಎಲ್ಲವೂ ಇವೆ. ಜಾನಪದ ಮತ್ತು ಬುಡಕಟ್ಟು ಅಧ್ಯಯನಕ್ಕೂ ಒಂದು ವಿಭಾಗವಿದೆ.

2009ರ ಕೇಂದ್ರೀಯ ವಿಶ್ವವಿದ್ಯಾಲಯಗಳ ಕಾಯ್ದೆಯಿಂದ ಹುಟ್ಟಿದ ಸಂಸ್ಥೆ ಇದು. ಮೊದಲ ವರ್ಷಗಳನ್ನು ಕಲಬುರಗಿಯಲ್ಲಿ, ಗುಲಬರ್ಗಾ ವಿಶ್ವವಿದ್ಯಾಲಯದ ಆಸರೆಯಲ್ಲಿ ಕಳೆದು ಆಮೇಲೆ ಇಲ್ಲಿಗೆ ಬಂತು. ಮೊದಲ ಕುಲಪತಿ ಎ.ಎಂ. ಪಠಾಣ್. ಅವರ ನಂತರ ಬಂದವರು ಧಾರವಾಡದ ಭಾಷಾವಿಜ್ಞಾನಿ ಎಚ್.ಎಂ. ಮಹೇಶ್ವರಯ್ಯ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ರಾಜ್ಯದ 39 ತಾಲೂಕುಗಳನ್ನು ಅತ್ಯಂತ ಹಿಂದುಳಿದವು ಎಂದು ಪಟ್ಟಿ ಮಾಡಿತ್ತಲ್ಲ, ಆಳಂದ, ಅಫಜಲಪುರ, ಜೇವರ್ಗಿ ಮೂರೂ ಅದರಲ್ಲಿದ್ದವು. ಅಂಥ ನೆಲದಲ್ಲಿ ದೇಶದ ಮಟ್ಟದ ವಿಶ್ವವಿದ್ಯಾಲಯ ಬಂದದ್ದು ಸಣ್ಣ ಮಾತಲ್ಲ. ಆದರೆ ಕಟ್ಟಡ ಕಟ್ಟಲು ಸಾಕಾಗುವ ಐದು ವರ್ಷ, ಒಂದು ವಿಭಾಗದಲ್ಲಿ ಸಂಶೋಧನೆ ಬೇರೂರಲು ಸಾಲುವುದಿಲ್ಲ. ಮೇಷ್ಟ್ರುಗಳು ಸಂಶೋಧಕರಾಗಿ ಬೆಳೆಯುವುದು ಹೇಗೆ, ಅದನ್ನು ಕಟ್ಟುವವರು ಯಾರು ಎಂಬ ಪ್ರಶ್ನೆ ಇಟ್ಟುಕೊಂಡೇ ನಾನು ಈ ಬಯಲಿನಲ್ಲಿ ನಡೆದದ್ದು.

ವಿಭಾಗವೆಂದರೆ ಹೊರಗಿನವರಿಗೆ ಕಾಣುವುದು ಒಂದು ಉದ್ದನೆಯ ಕಾರಿಡಾರ್. ಎರಡೂ ಬದಿ ಹೆಸರಿನ ಫಲಕ ಹೊತ್ತ ಬಾಗಿಲು, ಕೊನೆಯಲ್ಲಿ ಎಚ್‌ಓಡಿ ಕೊಠಡಿ, ಅದರ ಪಕ್ಕ ಜೆರಾಕ್ಸ್ ಯಂತ್ರ, ನೋಟಿಸ್ ಬೋರ್ಡಿನಲ್ಲಿ ಇಂಟರ್ನಲ್ ಪರೀಕ್ಷೆಯ ವೇಳಾಪಟ್ಟಿ. ಸಂಶೋಧನೆ ಗಟ್ಟಿಯಾಗುವುದೂ ಸೊರಗುವುದೂ ಆ ವೇಳಾಪಟ್ಟಿಯಲ್ಲೇ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ನಿಯಮದ ಪ್ರಕಾರ ಸಹಾಯಕ ಪ್ರಾಧ್ಯಾಪಕರು ವಾರಕ್ಕೆ 16 ಗಂಟೆ ಪಾಠ ಮಾಡಬೇಕು. ಸಹ ಪ್ರಾಧ್ಯಾಪಕರಿಗೂ ಪ್ರಾಧ್ಯಾಪಕರಿಗೂ 14 ಗಂಟೆ. ಕೇಳಲು ಕಡಿಮೆ ಅನ್ನಿಸಬಹುದು. ಒಂದು ಗಂಟೆಯ ಎಂ.ಎ. ಪಾಠಕ್ಕೆ ಎರಡು ಮೂರು ಗಂಟೆ ಓದಿಕೊಳ್ಳುವವರಿಗೆ ವಾರ ಅಲ್ಲೇ ಮುಗಿಯುತ್ತದೆ. ಮೇಲೆ ಪ್ರವೇಶ ಸಮಿತಿ, ಪರೀಕ್ಷಾ ಕೆಲಸ, ಹಾಸ್ಟೆಲ್ ವಾರ್ಡನ್‌ಗಿರಿ, ನ್ಯಾಕ್ ಕಡತ. ಈ ಕೆಲಸಗಳೆಲ್ಲ ಹೆಚ್ಚಾಗಿ ಬೀಳುವುದು ವಿಭಾಗಕ್ಕೆ ಹೊಸದಾಗಿ ಸೇರಿದ, ವಯಸ್ಸಿನಲ್ಲಿ ಕಿರಿಯರಾದವರ ಮೇಲೆ.

ನನ್ನ ಪ್ರಕಾರ ದೊಡ್ಡ ನಷ್ಟ ಆಗುವುದು ಇಲ್ಲೇ. ಪಿಎಚ್.ಡಿ. ಮುಗಿಸಿ ಹೈದರಾಬಾದಿನಿಂದಲೋ ದೆಹಲಿಯಿಂದಲೋ ಮೈಸೂರಿನಿಂದಲೋ ಬಂದ ಯುವ ಅಧ್ಯಾಪಕರ ಕೈ ಆಗಷ್ಟೇ ಪಳಗಿರುತ್ತದೆ, ಪ್ರಶ್ನೆಗಳು ತಾಜಾ ಇರುತ್ತವೆ. ಆದರೆ ಗುರುಗಳ ಪ್ರಯೋಗಾಲಯ, ಗೆಳೆಯರ ಗುಂಪು, ರಾತ್ರಿ ಹತ್ತರವರೆಗೆ ತೆರೆದಿರುತ್ತಿದ್ದ ಗ್ರಂಥಾಲಯ ಎಲ್ಲವನ್ನೂ ಬಿಟ್ಟು ಬಂದಿರುತ್ತಾರೆ. ಮೊದಲ ಮೂರು ವರ್ಷದಲ್ಲಿ ತಮ್ಮದೇ ಒಂದು ಹೊಸ ಪ್ರಶ್ನೆ ಕೈಗೆ ಹತ್ತಿದರೆ ಬದುಕಿಡೀ ಸಂಶೋಧನೆ ಮಾಡುತ್ತಾರೆ. ಹತ್ತದಿದ್ದರೆ ಹಳೆಯ ಪ್ರಬಂಧದ ಅಧ್ಯಾಯಗಳನ್ನೇ ಬಿಡಿಸಿ ಲೇಖನ ಮಾಡಿ, ಬಡ್ತಿಗೆ ಬೇಕಾದ ಅಂಕ ಹೊಂದಿಸಿ ಸುಮ್ಮನಾಗುತ್ತಾರೆ. ಇವರಲ್ಲಿ ಆಸೆ ಇಲ್ಲ ಎನ್ನುವುದು ಅನ್ಯಾಯ. ಆ ಮೂರು ವರ್ಷ ಅವರ ಬೆನ್ನಿಗೆ ನಿಲ್ಲುವವರು ವಿಭಾಗದಲ್ಲಿ ಇರಬೇಕಾಗಿತ್ತು.

ಬಡ್ತಿಯ ಅಂಕಗಳ ವಿಷಯ ಬಂದದ್ದಕ್ಕೆ ಹೇಳುತ್ತೇನೆ. 2010ರಲ್ಲಿ ಯುಜಿಸಿ ಅಂಕ ಲೆಕ್ಕದ ಪದ್ಧತಿ ತಂದ ಮೇಲೆ ದುಡ್ಡು ಕೊಟ್ಟರೆ ಏನನ್ನಾದರೂ ಅಚ್ಚು ಹಾಕುವ ಪತ್ರಿಕೆಗಳು ದೇಶದ ತುಂಬ ಹುಟ್ಟಿದವು. ಅವನ್ನು ತಡೆಯಲು ಒಪ್ಪಿಗೆ ಪಡೆದ ಪತ್ರಿಕೆಗಳ ಕೇರ್ ಪಟ್ಟಿ ಬಂತು, 2025ರಲ್ಲಿ ಅದನ್ನೂ ಕೈಬಿಟ್ಟರು. ಪಿಎಚ್.ಡಿ. ಸಲ್ಲಿಸುವ ಮೊದಲು ಲೇಖನ ಪ್ರಕಟಿಸಲೇಬೇಕು ಎಂಬ ಕಡ್ಡಾಯ 2022ರ ನಿಯಮದಲ್ಲಿ ಹೋಯಿತು. ದೆಹಲಿಯಲ್ಲಿ ನಿಯಮ ಎಷ್ಟು ಸಲ ಬದಲಾದರೂ ಒಂದು ಕೆಲಸ ವಿಭಾಗದಲ್ಲೇ ಆಗಬೇಕು: ಒಬ್ಬರು ಬರೆದ ಕರಡನ್ನು ಪಕ್ಕದ ಕೊಠಡಿಯವರು ಕೆಂಪು ಶಾಯಿ ಹಿಡಿದು ಓದಬೇಕು. ಇದಕ್ಕೆ ಅನುದಾನ ಬೇಡ, ಸುತ್ತೋಲೆ ಬೇಡ. ಆದರೂ ನಮ್ಮ ವಿಶ್ವವಿದ್ಯಾಲಯಗಳಲ್ಲಿ ತೀರಾ ಅಪರೂಪವಾಗಿರುವುದು ಇದೇ. ಸಹೋದ್ಯೋಗಿಯ ಲೇಖನ ಓದಿ 'ಮೂರನೇ ಪುಟದ ವಾದ ನಿಲ್ಲುವುದಿಲ್ಲ' ಎಂದು ಹೇಳುವ ಸಲುಗೆ, ಅದನ್ನು ಕೇಳಿಸಿಕೊಳ್ಳುವ ಮನಸ್ಸು ಎರಡೂ ಇರುವ ವಿಭಾಗದಲ್ಲಿ ಸಂಶೋಧನೆ ತಾನಾಗಿ ಬೆಳೆಯುತ್ತದೆ.

ಅಧ್ಯಾಪಕರ ತರಬೇತಿಗೆ ಯೋಜನೆಗಳು ಇಲ್ಲವೆಂದಲ್ಲ. ಐಸಿಎಸ್‌ಎಸ್‌ಆರ್ ಸಮಾಜ ವಿಜ್ಞಾನದ ಅಧ್ಯಾಪಕರಿಗಾಗಿ ಎರಡು ವಾರಗಳ ಸಾಮರ್ಥ್ಯ ವೃದ್ಧಿ ಶಿಬಿರಗಳಿಗೆ ಹಣ ಕೊಡುತ್ತದೆ. 2015ರಲ್ಲಿ ಶುರುವಾದ ಜ್ಞಾನ್ ಯೋಜನೆ ವಿದೇಶಿ ಪ್ರಾಧ್ಯಾಪಕರನ್ನು ಇಲ್ಲಿಗೆ ಕರೆತಂದು ಪಾಠ ಹೇಳಿಸಿತು. 2025ರ ಜನವರಿಯಿಂದ 'ಒಂದು ದೇಶ ಒಂದು ಚಂದಾ' ಬಂದು, 30 ಪ್ರಕಾಶಕರ ಸುಮಾರು 13,000 ಪತ್ರಿಕೆಗಳು ಸರ್ಕಾರಿ ವಿಶ್ವವಿದ್ಯಾಲಯಗಳ ಕಂಪ್ಯೂಟರಿನಲ್ಲಿ ತೆರೆದುಕೊಂಡಿವೆ. ಓದಲು ಪತ್ರಿಕೆಯೇ ಸಿಗುವುದಿಲ್ಲ ಎಂಬ ಹಳೆಯ ಕೊರಗು ಕಡಗಂಚಿಯಂಥ ಕಡೆ ಈಗ ಬಹುಪಾಲು ಕರಗಿದೆ. ಎರಡು ವಾರದ ಶಿಬಿರದ ಕೊರತೆ ಬೇರೆ. ಒಬ್ಬರೇ ಹೋಗಿ, ಅಂಕಿಅಂಶ ವಿಶ್ಲೇಷಣೆಯ ಸಾಫ್ಟ್‌ವೇರ್ ಕಲಿತು, ಪ್ರಮಾಣಪತ್ರ ಹಿಡಿದು ವಾಪಸು ಬರುತ್ತಾರೆ. ವಿಭಾಗದಲ್ಲಿ ಅದನ್ನು ಬಳಸುವ ಇನ್ನೊಬ್ಬರು ಇರುವುದಿಲ್ಲ. ಆರು ತಿಂಗಳಲ್ಲಿ ಕಲಿತದ್ದು ಮರೆತುಹೋಗುತ್ತದೆ.

ಇದಕ್ಕೆ ಎದುರಾಗಿ ನಿಲ್ಲುವ ಉದಾಹರಣೆಗಳು ನಮ್ಮ ಸುತ್ತಲೇ ಇವೆ. ಕಲಬುರಗಿಯಿಂದ ರೈಲಿನಲ್ಲಿ ಸೊಲ್ಲಾಪುರ ದಾಟಿ ಹೋದರೆ ಸಿಗುವ ಪುಣೆಯ ಡೆಕ್ಕನ್ ಕಾಲೇಜಿನಲ್ಲಿ 1950ರ ದಶಕದಲ್ಲಿ, ರಾಕ್‌ಫೆಲ್ಲರ್ ಪ್ರತಿಷ್ಠಾನದ ನೆರವಿನಿಂದ, ಭಾಷಾವಿಜ್ಞಾನದ ಬೇಸಿಗೆ ಶಾಲೆಗಳು ನಡೆದವು. ದೇಶದ ನಾನಾ ಕಡೆಯ ಕಾಲೇಜು ಮೇಷ್ಟ್ರುಗಳು ರಜೆಯಲ್ಲಿ ಅಲ್ಲಿಗೆ ಹೋಗಿ ಕಲಿತರು. ಭಾರತದ ಹಲವು ಭಾಷಾವಿಜ್ಞಾನ ವಿಭಾಗಗಳನ್ನು ಮುಂದೆ ಕಟ್ಟಿದವರು ಅಲ್ಲಿ ತಯಾರಾದ ತಲೆಮಾರಿನವರು. ಅಮೆರಿಕದ ವಿಲಿಯಂ ಬ್ರೈಟ್ ಆಡುಗನ್ನಡದ ವ್ಯಾಕರಣ ಬರೆದು 1958ರಲ್ಲಿ ಪ್ರಕಟಿಸಿದ್ದು ಅದೇ ಡೆಕ್ಕನ್ ಕಾಲೇಜಿನಿಂದ. ಅದೇ ಪುಣೆಯಲ್ಲಿ 1988ರಲ್ಲಿ ಜಯಂತ್ ನಾರ್ಳೀಕರ್ ಕಟ್ಟಿದ ಐಯುಕಾ ಎಂಬ ಖಗೋಳ ಸಂಸ್ಥೆ ವಿಶ್ವವಿದ್ಯಾಲಯ, ಕಾಲೇಜುಗಳ ಅಧ್ಯಾಪಕರನ್ನು ಅತಿಥಿ ಸದಸ್ಯರನ್ನಾಗಿ ವರ್ಷಗಟ್ಟಲೆ ಇಟ್ಟುಕೊಳ್ಳುತ್ತದೆ. ಅವರು ತಮ್ಮ ಊರಲ್ಲೇ ಪಾಠ ಮಾಡುತ್ತ, ರಜೆ ಸಿಕ್ಕಾಗ ಅಲ್ಲಿಗೆ ಹೋಗಿ ಕೆಲಸ ಮಾಡಿ ಬರುತ್ತಾರೆ. ಬೆಂಗಳೂರಿನ ಐಐಎಸ್‌ಸಿ ಕೂಡ ನ್ಯಾನೊ ಪ್ರಯೋಗಾಲಯವನ್ನು 2008ರಿಂದ ದೇಶದ ಬೇರೆ ಸಂಸ್ಥೆಗಳ ಸಂಶೋಧಕರಿಗೆ ಒಂದು ಯೋಜನೆಯಡಿ ತೆರೆದಿಟ್ಟಿದೆ. ಒಮ್ಮೆ ಕರೆಸಿ ಕಳಿಸಿಬಿಡದೆ ಮತ್ತೆ ಮತ್ತೆ ಕರೆಸಿಕೊಳ್ಳುವುದು ಇವುಗಳ ರೀತಿ. ನಂಟು ಉಳಿಯುವುದು ಹಾಗೆಯೇ.

ಉಪಕರಣದ ವಿಷಯದಲ್ಲಿ ಇನ್ನೊಂದು ಪಾಠವಿದೆ. ಭೂವಿಜ್ಞಾನದ ಯಾವುದೇ ವಿಭಾಗದಲ್ಲಿ ಕಲ್ಲಿನ ತೆಳುಪದರ ಮಾಡುವುದನ್ನು ಒಮ್ಮೆ ನಿಂತು ನೋಡಬೇಕು. ವಜ್ರದ ಹಲ್ಲಿನ ಗರಗಸದಲ್ಲಿ ಕಲ್ಲನ್ನು ಬಿಸ್ಕತ್ತಿನಷ್ಟು ದಪ್ಪಕ್ಕೆ ಕೊಯ್ದು, ಒಂದು ಮುಖ ನುಣುಪು ಮಾಡಿ, ಗಾಜಿನ ಪಟ್ಟಿಗೆ ಅಂಟಿಸುತ್ತಾರೆ. ಆಮೇಲೆ ಸಾಣೆಪುಡಿ ಮತ್ತು ನೀರು ಹಾಕಿ ಗಾಜಿನ ಮೇಲೆ ಸುತ್ತಿ ಸುತ್ತಿ ಉಜ್ಜಬೇಕು, 0.03 ಮಿಲಿಮೀಟರಿಗೆ ಬರುವವರೆಗೆ. ಕೊನೆಯ ಹತ್ತು ನಿಮಿಷ ಬೆರಳ ತುದಿಯ ಅಂದಾಜು. ಒಂದು ಸುತ್ತು ಹೆಚ್ಚಾದರೆ ಕಲ್ಲು ಪೂರ್ತಿ ಮಾಯ. ಸರಿಯಾಗಿ ಬಂದರೆ ಈ ಭಾಗದ ಕಪ್ಪು ಬಸಾಲ್ಟ್ ಸೂಕ್ಷ್ಮದರ್ಶಕದ ಕೆಳಗೆ ಬಣ್ಣಬಣ್ಣದ ಹರಳುಗಳಾಗಿ ಬಿಚ್ಚಿಕೊಳ್ಳುತ್ತದೆ. ಲಕ್ಷಗಟ್ಟಲೆ ಬೆಲೆಯ ಸೂಕ್ಷ್ಮದರ್ಶಕ ಕೊಳ್ಳಲು ಅನುದಾನ ಸಿಗುತ್ತದೆ, ಪದರ ಉಜ್ಜುವ ಸಹಾಯಕರ ಹುದ್ದೆ ಮಾತ್ರ ಎಷ್ಟೋ ವಿಶ್ವವಿದ್ಯಾಲಯಗಳಲ್ಲಿ ಖಾಲಿ ಬಿದ್ದಿರುತ್ತದೆ. ಆ ಕೈ ಇಲ್ಲದೆ ಯಂತ್ರಕ್ಕೆ ಮುಸುಕು ಹಾಕಿ ಇಡಬೇಕಾಗುತ್ತದೆ. ಸಂಶೋಧನಾ ಸಾಮರ್ಥ್ಯ ಅನ್ನುವಾಗ ನಾವು ಪ್ರಾಧ್ಯಾಪಕರನ್ನಷ್ಟೇ ಎಣಿಸುತ್ತೇವೆ. ಪ್ರಯೋಗಾಲಯದ ಸಹಾಯಕರು, ಗ್ರಂಥಪಾಲಕರು, ಅನುದಾನದ ಲೆಕ್ಕ ಬರೆಯುವ ಗುಮಾಸ್ತರು ಎಣಿಕೆಗೆ ಬರುವುದೇ ಇಲ್ಲ.

ಇಂಥವರ ಬೆಲೆಯನ್ನು ಸಾವಿರ ವರ್ಷದ ಹಿಂದೆಯೇ ಬಲ್ಲವರು ಈ ಜಿಲ್ಲೆಯಲ್ಲಿದ್ದರು. ಚಿತ್ತಾಪುರದ ಪಕ್ಕದ ನಾಗಾವಿಗೆ ಹೋಗಿ ಅರವತ್ತು ಕಂಬದ ಗುಡಿಯ ಮುಂದೆ ನಿಂತರೆ ಘಟಿಕಾಸ್ಥಾನವೆಂಬ ಹಳೆಯ ವಿದ್ಯಾಕೇಂದ್ರದ ನೆನಪು ಬರುತ್ತದೆ. ಕಲ್ಯಾಣ ಚಾಳುಕ್ಯ ದೊರೆ ತ್ರೈಲೋಕ್ಯಮಲ್ಲ ಸೋಮೇಶ್ವರನ ಕಾಲದ, 1058ರ ಶಾಸನ ಅಲ್ಲಿನ ಏರ್ಪಾಟನ್ನು ವಿವರವಾಗಿ ಹೇಳುತ್ತದೆ. ದಂಡನಾಯಕ ಮಧುಸೂದನ ಮಾಡಿಸಿದ ವ್ಯವಸ್ಥೆ ಅದು. ವೇದ ಓದುವ 200 ವಿದ್ಯಾರ್ಥಿಗಳು, ಶಾಸ್ತ್ರ ಓದುವವರು ಬೇರೆ, ವೇದಕ್ಕೂ ಶಾಸ್ತ್ರಗಳಿಗೂ ಬೇರೆ ಬೇರೆ ಉಪಾಧ್ಯಾಯರು, ಅವರ ಜೊತೆಗೆ ಆರು ಮಂದಿ ಸರಸ್ವತೀ ಭಂಡಾರಿಗರು, ಅಂದರೆ ಪುಸ್ತಕ ಭಂಡಾರ ನೋಡಿಕೊಳ್ಳುವವರು. ಇವರೆಲ್ಲರ ನಿರ್ವಹಣೆಗೆ ಭೂಮಿ ಬಿಟ್ಟುಕೊಟ್ಟಿದ್ದರು. ಒಬ್ಬ ಪಂಡಿತ ತೀರಿಕೊಂಡರೆ ಅಥವಾ ಊರು ಬಿಟ್ಟರೆ ಆ ಜಾಗಕ್ಕೆ ಇನ್ನೊಬ್ಬರು ಬರುವಂತೆ ಹುದ್ದೆಗೇ ಆದಾಯ ಕಟ್ಟಿದ ಏರ್ಪಾಟು ಅದು. ಪುಸ್ತಕ ಕಾಯುವ ಆರು ಜನರ ಜೀವನಕ್ಕೂ ದಾರಿ ಮಾಡಿಕೊಟ್ಟ ಆ ದಂಡನಾಯಕನ ಬಗ್ಗೆ ನನಗೆ ಅಪಾರ ಗೌರವ.

ಅದೇ ಚಿತ್ತಾಪುರ ತಾಲೂಕಿನ ಸನ್ನತಿಯ ಮಾತು ನನ್ನನ್ನು ಬೇರೆ ರೀತಿ ಕಾಡುತ್ತದೆ. ಭೀಮಾ ದಂಡೆಯ ಚಂದ್ರಲಾಂಬಾ ದೇವಾಲಯದ ಆವರಣದ ಕಾಳಿ ಗುಡಿಯ ಚಾವಣಿ 1986ರಲ್ಲಿ ಕುಸಿದಾಗ, ಮೂರ್ತಿಯ ಪೀಠವಾಗಿದ್ದ ಕಲ್ಲಿನ ಮೇಲೆ ಅಶೋಕನ ಶಾಸನ ಕಂಡಿತು. ಮುಂದೆ ಪಕ್ಕದ ಕನಗನಹಳ್ಳಿಯಲ್ಲಿ ಪುರಾತತ್ವ ಇಲಾಖೆ ಅಗೆದಾಗ ದೊಡ್ಡ ಸ್ತೂಪವೇ ಎದ್ದು ಬಂತು, 'ರಾಯ ಅಸೋಕೋ' ಎಂಬ ಬರಹವಿರುವ ಶಿಲ್ಪವೂ ಸಿಕ್ಕಿತು. ಆ ಸ್ತೂಪದ ಬ್ರಾಹ್ಮಿ ಶಾಸನಗಳ ಸಂಪುಟ 2014ರಲ್ಲಿ ಹೊರಬಂತು, ಜಪಾನಿನ ಸೋಕಾ ವಿಶ್ವವಿದ್ಯಾಲಯದಿಂದ. ಸಿದ್ಧಪಡಿಸಿದವರು ಮೈಕೊ ನಕಾನಿಶಿ ಮತ್ತು ಜರ್ಮನಿಯ ಆಸ್ಕರ್ ಫಾನ್ ಹಿನೂಬರ್. ಆ ಇಬ್ಬರಿಗೂ ಕನ್ನಡಿಗರು ಋಣಿಗಳು. ಆದರೆ ನಮ್ಮ ಭೀಮಾ ದಂಡೆಯ ಪ್ರಾಕೃತವನ್ನು ಓದಲು ನಮ್ಮದೇ ಜಿಲ್ಲೆಯ ವಿಶ್ವವಿದ್ಯಾಲಯಗಳಲ್ಲಿ ನಾಲ್ಕಾರು ಜನ ತಯಾರಾಗಿರಬೇಕಿತ್ತು ಎಂಬ ಆಸೆ ಹೋಗುವುದಿಲ್ಲ. ಬ್ರಾಹ್ಮಿ ಲಿಪಿ, ಪ್ರಾಕೃತ, ಬೌದ್ಧ ಶಿಲ್ಪ ಮೂರನ್ನೂ ಬಲ್ಲ ಒಬ್ಬ ಅಧ್ಯಾಪಕರನ್ನು ಬೆಳೆಸಲು ಹತ್ತು ವರ್ಷ ಹಿಡಿಯುತ್ತದೆ. ಇತಿಹಾಸ ವಿಭಾಗದವರು, ಕನ್ನಡ ವಿಭಾಗದವರು ಒಟ್ಟಿಗೆ ಕೂತು ಆ ಒಬ್ಬರನ್ನು ಇಂದೇ ಆರಿಸಿ, ಪುಣೆಗೋ ಮೈಸೂರಿಗೋ ಕಳಿಸಿ, ಅವರ ಪಾಠದ ಹೊರೆಯನ್ನು ತಾವು ಹಂಚಿಕೊಂಡರೆ ಮಾತ್ರ ಅದು ಆಗುವ ಕೆಲಸ. ಈ ಭಾಗದ ಶಾಸನಗಳನ್ನು ಹುಡುಕಿ ಸಂಪುಟ ಮಾಡಿದ ಹನುಮಾಕ್ಷಿ ಗೋಗಿಯವರ ಶ್ರಮ ಕಣ್ಣೆದುರಿಗಿದೆ. ಒಬ್ಬರ ಛಲದ ಮೇಲೆ ಎಲ್ಲ ಭಾರ ಹಾಕುವುದು ಒಂದು ಸಮಾಜಕ್ಕೆ ಶೋಭೆಯಲ್ಲ.

ಒಂದು ವಿಭಾಗ ಇಡಿಯಾಗಿ ಸಂಶೋಧನೆಗೆ ನಿಂತರೆ ಏನಾಗುತ್ತದೆ ಎಂಬುದಕ್ಕೆ ಕನ್ನಡದಲ್ಲೇ ಸಾಕ್ಷಿಯಿದೆ. ಮೈಸೂರಿನ ಕನ್ನಡ ಅಧ್ಯಯನ ಸಂಸ್ಥೆ 1970ರ ದಶಕದಲ್ಲಿ ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಶಾಸನಮಾಲೆಯ ಪರಿಷ್ಕೃತ ಸಂಪುಟಗಳನ್ನು ಹೊರತರಲು ಶುರುಮಾಡಿತು. ಧಾರವಾಡದ ಕನ್ನಡ ಸಂಶೋಧನ ಸಂಸ್ಥೆ 1939ರಷ್ಟು ಹಳೆಯದು. ಹಸ್ತಪ್ರತಿ ಓದುವುದನ್ನು, ಶಾಸನದ ಪಡಿಯಚ್ಚು ತೆಗೆಯುವುದನ್ನು ಅಲ್ಲಿ ಹಿರಿಯರು ಕಿರಿಯರಿಗೆ ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಿದರು. ಕಡಗಂಚಿಯ ಕನ್ನಡ ವಿಭಾಗಕ್ಕೂ ಅಂಥ ಬಲ ಬರಬಲ್ಲದು. ಕವಿ, ವಿಮರ್ಶಕ ವಿಕ್ರಮ ವಿಸಾಜಿ, ಭಾಷಾವಿಜ್ಞಾನಿ ಬಸವರಾಜ ಕೋಡಗುಂಟಿ ಅವರಂಥವರು ಇಲ್ಲಿ ಕೆಲಸ ಮಾಡಿದ್ದಾರೆ. ಅವರ ಕಾಲಬುಡದಲ್ಲೇ ವಿಷಯವಿದೆ. ಆಳಂದದ ಸಂತೆಯಲ್ಲಿ ಒಂದು ಗಂಟೆ ನಿಂತರೆ ಕನ್ನಡ, ಮರಾಠಿ, ದಖನಿ ಉರ್ದು, ಲಂಬಾಣಿ ನಾಲ್ಕೂ ಕಿವಿಗೆ ಬೀಳುತ್ತವೆ. ರಸ್ತೆಯ ಆ ತುದಿಯ ವಾಗ್ದರಿ ಮಹಾರಾಷ್ಟ್ರದ ಊರು, ಅಲ್ಲಿಯ ಜನರ ಮನೆಮಾತು ಕನ್ನಡ. ಇಂಥ ಗಡಿ ಮಾತಿನ ಧ್ವನಿಮುದ್ರಣ, ಶಬ್ದಸಂಗ್ರಹ ಒಬ್ಬರಿಂದ ಆಗುವಂಥದ್ದಲ್ಲ. ಒಂದು ವಿಭಾಗ ಇಪ್ಪತ್ತು ವರ್ಷ ಹಿಡಿದು ಮಾಡಬೇಕಾದ ಕೆಲಸ.

ಇಂಥ ಕೆಲಸದಲ್ಲಿ ಸಂಶೋಧನಾ ವಿದ್ಯಾರ್ಥಿಗಳ ಪಾಲೂ ಇದೆ. ಪಿಎಚ್.ಡಿ. ಮಾರ್ಗದರ್ಶನಕ್ಕೆ ಯುಜಿಸಿ ನಿಯಮ ಮಿತಿ ಇಟ್ಟಿದೆ: ಪ್ರಾಧ್ಯಾಪಕರಿಗೆ 8 ವಿದ್ಯಾರ್ಥಿಗಳು, ಸಹ ಪ್ರಾಧ್ಯಾಪಕರಿಗೆ 6, ಸಹಾಯಕ ಪ್ರಾಧ್ಯಾಪಕರಿಗೆ 4. ಈ ವಿದ್ಯಾರ್ಥಿಗಳಿಗೆ ಒಬ್ಬೊಬ್ಬರಿಗೂ ಸಂಬಂಧವಿಲ್ಲದ ವಿಷಯ ಕೊಟ್ಟರೆ ವಿಭಾಗದಲ್ಲಿ ಇಪ್ಪತ್ತು ಪ್ರಬಂಧಗಳು ರಾಶಿ ಬೀಳುತ್ತವೆ, ಅಷ್ಟೇ. ಒಂದು ಪ್ರಶ್ನೆಯ ಬೇರೆ ಬೇರೆ ಮಗ್ಗುಲು ಕೊಟ್ಟರೆ ಹತ್ತು ವರ್ಷದಲ್ಲಿ ಆ ವಿಭಾಗ ಆ ಪ್ರಶ್ನೆಗೇ ಹೆಸರಾಗುತ್ತದೆ.

ಅಂಥ ಪ್ರಶ್ನೆಯೊಂದನ್ನು ನೋಡಲು ಕ್ಯಾಂಪಸ್ಸಿನಿಂದ ಹೊರಬಂದು ತೊಗರಿ ಹೊಲಕ್ಕೆ ಇಳಿದೆ. ಸಾಲಿನ ನಡುವೆ ಅಲ್ಲಲ್ಲಿ ಗಿಡ ಬಾಡಿ ನಿಂತಿತ್ತು, ಪಕ್ಕದ್ದು ಹಸಿರಾಗಿತ್ತು. ಹೊಲದ ಹಿರಿಯರು ಬಾಡಿದ ಗಿಡ ಕಿತ್ತರು. ಬುಡದಿಂದ ಮೇಲಕ್ಕೆ ಕಾಂಡದ ಮೇಲೆ ನೇರಳೆ ಪಟ್ಟೆ. ಕುಡಗೋಲಿನಿಂದ ಕಾಂಡ ಸೀಳಿದರು, ಒಳಗೆ ಕಂದುಗಪ್ಪು ಗೆರೆಗಳು. "ನೋಡ್ರಿ ಸರ, ಒಳಗ ಕರ್ರಗ ಆಗ್ಯಾದ. ನೀರು ಮ್ಯಾಲ ಏರಂಗಿಲ್ಲ," ಅಂದರು. ಇದೇ ನೆಟೆ ರೋಗ. ಮಣ್ಣಿನ ಫ್ಯುಸೇರಿಯಂ ಶಿಲೀಂಧ್ರ ಬೇರಿನಿಂದ ಹೊಕ್ಕು ನೀರು ಹರಿಯುವ ನಾಳಗಳನ್ನು ಕಟ್ಟಿಹಾಕುತ್ತದೆ. 2022ರಲ್ಲಿ ಇದು ಕಲಬುರಗಿ ಜಿಲ್ಲೆಯ ತೊಗರಿಯನ್ನು ಹಾಳುಮಾಡಿ ಸರ್ಕಾರ ಪರಿಹಾರ ಘೋಷಿಸಬೇಕಾಯಿತು. 2019ರಲ್ಲಿ ಭೌಗೋಳಿಕ ಸೂಚಕ ಪಡೆದ ಗುಲಬರ್ಗಾ ತೊಗರಿಯ ಕಥೆಯಲ್ಲಿ ಇದೂ ಒಂದು ಪುಟ.

ಇದಕ್ಕೆ ಮದ್ದು ಹುಡುಕಿದ ದೀರ್ಘ ಕೆಲಸ ಇದೇ ಆಳಂದ ರಸ್ತೆಯಲ್ಲಿ, ಕಲಬುರಗಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ನಡೆದಿದೆ. ಹೈದರಾಬಾದ್ ಬಳಿಯ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್ ಆರಿಸಿ ಕೊಟ್ಟ ನೆಟೆ ತಡೆಯುವ ತಳಿ 1986ರಲ್ಲಿ 'ಮಾರುತಿ' ಎಂಬ ಹೆಸರಿನಲ್ಲಿ ಕರ್ನಾಟಕದ ರೈತರ ಕೈ ಸೇರಿತು, ಉತ್ತರ ಕರ್ನಾಟಕದ ಉದ್ದಗಲ ಹಬ್ಬಿತು. ಆಮೇಲೆ ಕಲಬುರಗಿ ಕೇಂದ್ರದ ಟಿಎಸ್–3ಆರ್ ಬಂತು. ರೋಗಾಣು ರೂಪ ಬದಲಿಸಿದಂತೆ ತಳಿಯೂ ಬದಲಾಗಬೇಕು. ಒಂದು ಬೆಳೆ, ಒಂದು ರೋಗ, ಅದರ ಹಿಂದೆ ತಲೆಮಾರುಗಟ್ಟಲೆ ಬಿದ್ದ ವಿಜ್ಞಾನಿಗಳು.

ಕಡಗಂಚಿಯ ವಿಭಾಗಗಳು ಈ ಒಂದೇ ನೆಟೆಯನ್ನು ಕೈಗೆತ್ತಿಕೊಳ್ಳಬಹುದು. ಜೀವವಿಜ್ಞಾನದವರಿಗೆ ಶಿಲೀಂಧ್ರದ ಬಗೆಗಳು. ಭೂಗೋಳದವರಿಗೆ ಆಳಂದ, ಅಫಜಲಪುರ, ಜೇವರ್ಗಿಯ ಎರೆಮಣ್ಣಿನಲ್ಲಿ ತೇವ ಎಲ್ಲಿ ಎಷ್ಟು ದಿನ ನಿಲ್ಲುತ್ತದೆ ಎಂಬ ನಕ್ಷೆ. ಅರ್ಥಶಾಸ್ತ್ರದವರಿಗೆ ಬೆಳೆ ಹೋದ ವರ್ಷ ಸಾಲ ಯಾರಿಂದ ಬಂತು ಎಂಬ ಲೆಕ್ಕ. ಜಾನಪದದವರಿಗೆ ರೋಗಕ್ಕೆ ರೈತರು ಇಟ್ಟ ಹೆಸರುಗಳು, ಅವರ ಬೀಜ ಆರಿಸುವ ಪದ್ಧತಿ. ಮಾತು ಬೆಳೆಯ ರೋಗಕ್ಕಷ್ಟೇ ಸೀಮಿತವಲ್ಲ. 2021ರ ಅಕ್ಟೋಬರಿನಲ್ಲಿ ಚಿಂಚೋಳಿ ತಾಲೂಕಿನ ಗಡಿಕೇಶ್ವರದಲ್ಲಿ ನೆಲ ನಡುಗಿ ಜನ ಮನೆಯ ಹೊರಗೆ ಮಲಗಿದಾಗ ಹೈದರಾಬಾದಿನ ತಜ್ಞರು ಬರಬೇಕಾಯಿತು. ಅಂಥ ಹೊತ್ತಿನಲ್ಲಿ ಜನ ಮೊದಲು ಕಡಗಂಚಿಗೆ ಫೋನ್ ಮಾಡುವಂತಾಗಬೇಕು. ಇಂಥ ಸಂಶೋಧನೆಯ ಕೆಲಸ ಮುಗಿದ ಮೇಲೆ ಊರಿನ ಪಂಚಾಯಿತಿ ಕಟ್ಟೆಯಲ್ಲಿ ಕನ್ನಡದಲ್ಲಿ ವರದಿ ಓದುವ ಅಧ್ಯಾಪಕರಿಗೆ ಇವತ್ತು ಬಡ್ತಿಯ ಅಂಕ ಸಿಗುವುದಿಲ್ಲ. ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ ಎಂದು ವಿಭಾಗಗಳೇ ವಿಶ್ವವಿದ್ಯಾಲಯದ ಅಕಾಡೆಮಿಕ್ ಕೌನ್ಸಿಲ್‌ನಲ್ಲಿ ಕೇಳಬೇಕು.

ಇಷ್ಟೆಲ್ಲ ಶುರುವಾಗಲು ದೊಡ್ಡ ಅನುದಾನಕ್ಕೆ ಕಾಯಬೇಕಾಗಿಲ್ಲ. ನಾಲ್ಕೂ ವಿಭಾಗಗಳ ವೇಳಾಪಟ್ಟಿಯಲ್ಲಿ ವಾರದ ಒಂದೇ ದಿನದ ಮಧ್ಯಾಹ್ನ ಪಾಠವಿಲ್ಲದೆ ಖಾಲಿ ಬಿಟ್ಟು, ಆ ಮೂರು ಗಂಟೆಯನ್ನು ಮೊದಲ ಮೂರು ವರ್ಷದ ಅಧ್ಯಾಪಕರ ಕರಡು ಓದುವುದಕ್ಕೂ ಹೊಲಕ್ಕೆ ಹೋಗುವುದಕ್ಕೂ ಮೀಸಲಿಟ್ಟರೆ ಸಾಕು. ಮುಂದಿನ ಸೆಮಿಸ್ಟರಿನ ವೇಳಾಪಟ್ಟಿ ಬರೆಯುವಾಗಲೇ ಇದನ್ನು ಮಾಡಬಹುದು.